ಈ ಬದಿ ಮೇಲಕ್ಕೆ

ನನ್ನ ಜಾತಕದಲ್ಲಿ ವಿದೇಶ ಯೋಗ ಇಲ್ಲ. ಅದಕ್ಕೇ ಭಾನುವಾರ ಬಂತೆಂದರೆ ಚೀಲ ಹಿಡಿದು ಬೆಂಗಳೂರಿನ ಕಮ್ಮನಹಳ್ಳಿಗೆ ಹೊರಡುತ್ತೇನೆ. ಬಸ್ ಚಾರ್ಜಿನಲ್ಲಿ ಕೊರಿಯಾ, ಜಪಾನು ಎರಡೂ ಮುಗಿಯುತ್ತವೆ. ಅಲ್ಲಿಯ ವಿದೇಶಿ ದಿನಸಿ ಅಂಗಡಿಯ ಡಬ್ಬಗಳ ಮೇಲಿನ ಲಿಪಿ ನನಗೆ ಓದಲು ಬರುವುದಿಲ್ಲ. ಆದರೂ ಹುಬ್ಬು ಗಂಟಿಕ್ಕಿ, ಹಿಂದೆ ಮುಂದೆ ತಿರುಗಿಸಿ, 'ಹ್ಞೂಂ' ಎಂದು ತಲೆಯಾಡಿಸಿಯೇ ಬುಟ್ಟಿಗೆ ಹಾಕುತ್ತೇನೆ. ಪಕ್ಕದಲ್ಲಿ ನಿಂತವರು ನೋಡುತ್ತಿರುತ್ತಾರಲ್ಲ.

ಮೊದಲು ತಂದಿದ್ದು ನಾಟೋ. ಜಪಾನಿನವರು ಬೆಳಗ್ಗೆ ಬಿಸಿ ಅನ್ನಕ್ಕೆ ಹಾಕಿಕೊಳ್ಳುವ, ಹುದುಗು ಬರಿಸಿದ ಸೋಯಾ ಕಾಳು. ಕಲಕಿದಷ್ಟೂ ನೂಲು ಬರಬೇಕು, ಅದೇ ಅದರ ಹೆಚ್ಚುಗಾರಿಕೆ. ಅಮ್ಮ ಮುಚ್ಚಳ ತೆಗೆದು ಚಮಚ ಅದ್ದಿ ಎತ್ತಿದಳು. ನೂಲು ಬಂತು. ನಮ್ಮ ಮನೆಯಲ್ಲಿ ನೂಲು ಬಂದ ಪದಾರ್ಥಕ್ಕೆ ಇರುವುದು ಒಂದೇ ದಾರಿ. ನಾನು ಸ್ನಾನ ಮುಗಿಸಿ ಬರುವಷ್ಟರಲ್ಲಿ ಕಾಳು ಹಸಿ ಕಸಕ್ಕೆ, ಡಬ್ಬ ತೊಳೆಸಿಕೊಂಡು ಒಣ ಕಸಕ್ಕೆ ಹೋಗಿಯಾಗಿತ್ತು.

"ಹಳಸಿದ್ದು ಕೊಟ್ಟು ಕಳಿಸಿದ್ದಾರೆ ಕಣೋ. ನಿನ್ನ ಮುಖ ನೋಡಿದ್ರೇ ಗೊತ್ತಾಗುತ್ತೆ ಅವರಿಗೆ."

ಮುಂದಿನ ವಾರ ಕಿಮ್ಚಿ ತಂದೆ, ಕೊರಿಯಾದವರ ಹುಳಿ ಬರಿಸಿದ ಉಪ್ಪಿನಕಾಯಿ. ಕೋಸು, ಉಪ್ಪು, ಖಾರದ ಪುಡಿ. ಇದರಲ್ಲಿ ತಪ್ಪು ಹುಡುಕಲು ಏನಿದೆ? ಪ್ಯಾಕೆಟ್ಟಿನ ಹಿಂದೆ ಚೌಕದೊಳಗೆ ಮೇಲ್ಮುಖವಾದ ಒಂದು ಕಂದು ತ್ರಿಕೋನ ಇತ್ತು. 'ಈ ಬದಿ ಮೇಲಕ್ಕೆ' ಎಂದು ಅರ್ಥ ಮಾಡಿಕೊಂಡೆ. ಫ್ರಿಜ್ ಪೆಟ್ಟಿಗೆಯ ಮೇಲೆ ಬಾಣದ ಗುರುತು ಇರುತ್ತದಲ್ಲ, ಹಾಗೆ. ಬಸ್ಸಿನಲ್ಲಿ ಕೂಸನ್ನು ಹಿಡಿದ ಹಾಗೆ ನೆಟ್ಟಗೆ ಹಿಡಿದು ಕೂತೆ.

ಏಪ್ರಿಲ್ ಬಿಸಿಲು. ಟ್ರಾಫಿಕ್ಕಿನಲ್ಲಿ ಬಸ್ಸು ಮುಕ್ಕಾಲು ಗಂಟೆ ನಿಂತಲ್ಲೇ ನಿಂತಿತು. ಪ್ಯಾಕೆಟ್ ನಿಧಾನಕ್ಕೆ ಉಬ್ಬತೊಡಗಿತು. ಕಿಮ್ಚಿಯಲ್ಲಿರುವ ಬ್ಯಾಕ್ಟೀರಿಯಾಗಳು ಹುಳಿಯ ಜೊತೆಗೆ ಗಾಳಿಯನ್ನೂ ಬಿಡುತ್ತವೆ, ಸೆಖೆ ಇದ್ದರೆ ಇನ್ನೂ ಜೋರಾಗಿ. ಬೇಸಿಗೆಯ ರಾತ್ರಿ ದೋಸೆ ಹಿಟ್ಟು ಪಾತ್ರೆ ದಾಟಿ ಕಟ್ಟೆಗೆ ಇಳಿಯುತ್ತದಲ್ಲ, ಅದೇ ಕತೆ. ಆದರೆ ದೋಸೆ ಹಿಟ್ಟನ್ನು ಯಾರೂ ತೊಡೆಯ ಮೇಲೆ ಇಟ್ಟುಕೊಂಡು ಕೂರುವುದಿಲ್ಲ. ಪಕ್ಕದ ಸೀಟಿನಾತ ಒಮ್ಮೆ ಮೂಸಿದ, ನನ್ನ ಚಪ್ಪಲಿ ನೋಡಿದ, ಎದ್ದು ಹಿಂದಕ್ಕೆ ಹೋದ.

ಮನೆಗೆ ಬಂದವನೇ ಕತ್ತರಿ ಹಾಕಿದೆ. 'ಬುಸ್' ಎಂದಿತು. ಕ್ಯಾಲೆಂಡರಿನಲ್ಲಿ ಏಕಾದಶಿಯಿಂದ ಹುಣ್ಣಿಮೆಯವರೆಗೆ ಕೆಂಪಾಯಿತು. ಗೋಡೆ ಒರೆಸುವುದು ಆಮೇಲೆ ಎಂದುಕೊಂಡು, ಮೊಸರನ್ನಕ್ಕೆ ಎರಡು ಸಲ ನೆಂಚಿಕೊಂಡು ತಿಂದೆ. ಸೊಗಸಾಗಿತ್ತು, ಸುಳ್ಳು ಹೇಳಲಾರೆ.

ಅಮ್ಮನಿಗೂ ಆಸೆ ಆಯಿತು. ಆದರೆ ತಿನ್ನುವ ಮುಂಚೆ ಎಕ್ಸ್‌ಪೈರಿ ಡೇಟ್ ನೋಡುವುದು ಅವಳ ಚಾಳಿ. ಕನ್ನಡಕ ಹಾಕಿಕೊಂಡಳು. ಬಾಯಿಯ ಹತ್ತಿರ ಬಂದಿದ್ದ ಚಮಚ ಅಲ್ಲೇ ನಿಂತಿತು.

"ಇದೇನೋ ಈ ತ್ರಿಕೋನ?"

"ಈ ಬದಿ ಮೇಲಕ್ಕೆ ಅಂತ, ಅಮ್ಮ."

"ಮೇಲಕ್ಕಲ್ಲ, ನಿನ್ನ ತಲೆ! ಸಿಗಡಿ ಅಂತ ಬರೆದಿದೆ ಇಲ್ಲಿ."

ಹಸಿರು ಚುಕ್ಕಿ ಇದ್ದರೆ ಸಸ್ಯಾಹಾರ ಎಂದು ಊರಿಗೇ ಗೊತ್ತು. ಮೊದಲೆಲ್ಲ ಮಾಂಸಾಹಾರಕ್ಕೂ ಚುಕ್ಕಿಯೇ ಇತ್ತು, ಬಣ್ಣ ಮಾತ್ರ ಕಂದು. ಬಣ್ಣ ಗುರುತಿಸಲು ಆಗದವರಿಗೂ ತಿಳಿಯಲಿ ಎಂದು ಅದನ್ನು ತ್ರಿಕೋನ ಮಾಡಿದ್ದಾರೆ. ಅವರ ಲೆಕ್ಕದಲ್ಲಿ ನಾನು ಇರಲಿಲ್ಲ. ಕಿಮ್ಚಿಗೆ ಉಪ್ಪು ಹಾಕಿದ ಸಿಗಡಿಯೋ ಮೀನಿನ ಸಾಸೋ ಬೀಳುವುದು ಮಾಮೂಲಂತೆ. ಬೀಳದಿರುವುದೂ ಸಿಗುತ್ತದೆ, ಹುಡುಕಿ ತರಬೇಕು ಅಷ್ಟೆ.

ಉಳಿದದ್ದನ್ನು ಏನು ಮಾಡುವುದು? ಮಹಡಿಯ ಮೇಲೆ ಮಣಿಪುರದ ಹುಡುಗರಿದ್ದಾರೆ. ಅಮ್ಮ ಅದನ್ನು ಮೂರು ಕವರಿನಲ್ಲಿ ಸುತ್ತಿ, ತೋಳು ಉದ್ದಕ್ಕೆ ಚಾಚಿ ನನ್ನ ಕೈಗೆ ಕೊಟ್ಟಳು. ಹುಡುಗರ ಮುಖ ಅರಳಿತು. ಬರಿಗೈಲಿ ಕಳಿಸಲು ಅವರಿಗೂ ಮನಸ್ಸಾಗಲಿಲ್ಲ.

"ಅಂಕಲ್, ಇದು ನಮ್ಮೂರಿಂದ ಬಂದಿದ್ದು. ಹೀಗೇ ಚಟ್ನಿ ಮಾಡಿ ತಿನ್ನಿ" ಎಂದು ಪೇಪರಿನಲ್ಲಿ ಸುತ್ತಿದ ಒಂದು ಪೊಟ್ಟಣ ಕೊಟ್ಟರು. ಹೆಸರು ಙಾರಿ. ಅವರೆದುರು ಏನೂ ಕೇಳದೆ, ಹುಬ್ಬು ಗಂಟಿಕ್ಕಿ ತಲೆಯಾಡಿಸಿ ತಂದೆ. ಫ್ರಿಜ್ಜಿನಲ್ಲಿಟ್ಟ ಮೇಲೆ ಫೋನಿನಲ್ಲಿ ಹುಡುಕಿ ನೋಡಿದೆ. ಹುದುಗು ಬರಿಸಿದ ಮೀನಂತೆ.

ಅಮ್ಮ ದೇವಸ್ಥಾನಕ್ಕೆ ಹೋಗಿದ್ದಾಳೆ. ಬಂದು ಮೊದಲು ತೆಗೆಯುವುದು ಫ್ರಿಜ್ಜನ್ನೇ.