ವಾಕಿಂಗ್‌ನ ಕ್ಯಾಲೊರಿಯನ್ನು ತಟ್ಟೆಗೆ ಸೇರಿಸಬೇಡಿ

ಎರಡು ವರ್ಷ ಬಿಡದೆ ವಾಕಿಂಗ್ ಮಾಡಿದೆ. ಬೆಳಿಗ್ಗೆ ಬೇಗ ಎದ್ದು ಮೈಸೂರಿನ ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ಮುಕ್ಕಾಲು ಗಂಟೆ ಚುರುಕಾಗಿ ನಡೆದು, ಏಳು ಗಂಟೆಯೊಳಗೆ ಮನೆಗೆ ಬಂದು ಒಲೆ ಹಚ್ಚುತ್ತಿದ್ದೆ. ಜೋರು ಮಳೆ ಬಂದ ದಿನ, ಮನೆಯಲ್ಲಿ ಯಾರಿಗಾದರೂ ಹುಷಾರಿಲ್ಲದ ದಿನ ಬಿಟ್ಟರೆ ತಪ್ಪಿಸಿದ್ದಿಲ್ಲ. ಆದರೂ ಶುರು ಮಾಡಿದಾಗ 72 ಕಿಲೋ ಇದ್ದ ತೂಕ ಎರಡು ವರ್ಷದ ನಂತರವೂ 72 ಕಿಲೋನೇ ಇತ್ತು.

ಆಮೇಲೆ ಮೊಬೈಲಿನಲ್ಲಿ ಕ್ಯಾಲೊರಿ ಲೆಕ್ಕ ಇಡುವ ಆ್ಯಪ್ ಹಾಕಿಕೊಂಡೆ. ಮೊದಲ ಆರು ವಾರ ಅದರಿಂದಲೂ ಏನೂ ಆಗಲಿಲ್ಲ. ಅಲ್ಲಿಂದ ಮುಂದಿನ ಹನ್ನೊಂದು ತಿಂಗಳಲ್ಲಿ ಏಳೂವರೆ ಕಿಲೋ ಇಳಿಯಿತು. ನಡುವೆ ಏನು ಬದಲಾಯಿತು ಅಂತ ಬರೆಯಬೇಕು ಅಂತ ತುಂಬಾ ದಿನದಿಂದ ಅಂದುಕೊಂಡಿದ್ದೆ. ಕೆರೆ ಹತ್ತಿರ ಸಿಗುವ ಎಷ್ಟೋ ಹೆಂಗಸರು ಇದೇ ಜಾಗದಲ್ಲಿ ಬಂದು ನಿಂತು, "ನಮ್ಮ ಮೈಯೇ ಹೀಗೆ" ಅಂತ ಬೇಜಾರಾಗಿ ಕೈಬಿಡುವುದನ್ನು ನೋಡಿದ್ದೇನೆ. ಅವರನ್ನು ನೆನೆಸಿಕೊಂಡೇ ಬರೆಯುತ್ತಿದ್ದೇನೆ.

ಆ್ಯಪ್ ಮೊದಲು ವಯಸ್ಸು, ಎತ್ತರ, ತೂಕ ಕೇಳಿತು. 43 ವರ್ಷ, 157 ಸೆಂಟಿಮೀಟರ್, 72 ಕಿಲೋ. ದಿನದ ಓಡಾಟ ಎಷ್ಟು ಅಂತ ಕೇಳಿದಾಗ, ದಿನಾ ನಡೆಯುತ್ತೇನಲ್ಲ ಅಂತ ಅದನ್ನೂ ಸೇರಿಸಿಯೇ ಹೇಳಿದೆ. ವಾರಕ್ಕೆ ಅರ್ಧ ಕಿಲೋ ಇಳಿಯಬೇಕಾದರೆ ದಿನಕ್ಕೆ 1,350 ಕ್ಯಾಲೊರಿ ಅಂತ ಲೆಕ್ಕ ಕೊಟ್ಟಿತು. ಕೈಗೆ ಕಟ್ಟುವ ವಾಚನ್ನೂ ಅದಕ್ಕೆ ಜೋಡಿಸಿದೆ. ಬೆಳಿಗ್ಗೆ ನಡೆದು ಬಂದ ತಕ್ಷಣ 1,350 ಇದ್ದದ್ದು 1,650 ಆಗುತ್ತಿತ್ತು. ನೀವು 300 ಗಳಿಸಿದ್ದೀರಿ ಅಂತ ಹಸಿರು ಬಣ್ಣದಲ್ಲಿ ತೋರಿಸುತ್ತಿತ್ತು. ನಡೆದು ಗಳಿಸಿದ್ದು ಅಲ್ವಾ ಅಂತ ತಿಂಡಿಗೆ ಇನ್ನೊಂದು ದೋಸೆ ಹಾಕಿಕೊಳ್ಳುತ್ತಿದ್ದೆ. ಸಂಜೆ ಕಾಫಿ ಜೊತೆ ಎರಡು ಕೋಡುಬಳೆ. ಆ್ಯಪ್ ಪ್ರಕಾರ ನಾನು ಒಂದು ದಿನವೂ ಮಿತಿ ಮೀರಿರಲಿಲ್ಲ.

ನಾನು ಹೇಳಬೇಕೆಂದಿರುವುದು ಮುಖ್ಯವಾಗಿ ಇದೇ. ವಾಚ್ ತೋರಿಸುವ ವ್ಯಾಯಾಮದ ಕ್ಯಾಲೊರಿಯನ್ನು ಊಟದ ಲೆಕ್ಕಕ್ಕೆ ಸೇರಿಸಬೇಡಿ. ಆ್ಯಪ್‌ನಲ್ಲಿ ಅದನ್ನು ಆಫ್ ಮಾಡಲು ಬಂದರೆ ಇವತ್ತೇ ಮಾಡಿ.

ಲೆಕ್ಕ ನೋಡಿ. 72 ಕಿಲೋ ತೂಕದವರು ಮುಕ್ಕಾಲು ಗಂಟೆ ಚುರುಕಾಗಿ ನಡೆದರೆ ಖರ್ಚಾಗುವುದು ಸುಮಾರು 200 ಕ್ಯಾಲೊರಿ. ಅದರಲ್ಲಿ 50ರಷ್ಟು ಆ ಹೊತ್ತಿನಲ್ಲಿ ಸುಮ್ನೆ ಕುರ್ಚಿ ಮೇಲೆ ಕೂತಿದ್ದರೂ ಖರ್ಚಾಗುತ್ತಿತ್ತು. ಅಂದರೆ ನಡೆದದ್ದರಿಂದ ಬಂದದ್ದು 150. ನನ್ನ ವಾಚ್ ತೋರಿಸುತ್ತಿದ್ದದ್ದು ಅದರ ಎರಡರಷ್ಟು. ನಾನೊಬ್ಬಳದೇ ವಾಚ್ ಕೆಟ್ಟಿತ್ತು ಅಂತಲ್ಲ. 2017ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು ಕೈಗೆ ಕಟ್ಟುವ ಏಳು ಸಾಧನಗಳನ್ನು 60 ಜನರ ಮೇಲೆ ಪರೀಕ್ಷಿಸಿ ನೋಡಿದರು. ಎದೆಬಡಿತವನ್ನು ಹೆಚ್ಚಿನವು ಚೆನ್ನಾಗಿಯೇ ಅಳೆದವು. ಕ್ಯಾಲೊರಿ ವಿಷಯದಲ್ಲಿ ಮಾತ್ರ ಇದ್ದುದರಲ್ಲಿ ಒಳ್ಳೆಯದೂ ಸರಾಸರಿ 27% ತಪ್ಪಿತ್ತು. ಅತಿ ಕೆಟ್ಟದ್ದು 93% ತಪ್ಪಿತ್ತು.

ಇದರ ಜೊತೆ ಇನ್ನೊಂದು ತೊಂದರೆ. ದಿನಾ ನಡೆಯುತ್ತೇನೆ ಅಂತ ಶುರುವಿನಲ್ಲೇ ಹೇಳಿದ್ದರಿಂದ ಆ 1,350ರ ಒಳಗೆ ನನ್ನ ವಾಕಿಂಗ್ ಆಗಲೇ ಸೇರಿತ್ತು. ವಾಚ್ ಮತ್ತೆ ಅದನ್ನೇ ತಂದು ಸೇರಿಸುತ್ತಿತ್ತು. ಒಂದೇ ನಡಿಗೆಗೆ ಎರಡು ಸಲ ಜಮಾ.

ಮೈಯೂ ತನ್ನದೇ ಲೆಕ್ಕ ಇಟ್ಟುಕೊಂಡಿರುತ್ತದೆ, ಒಂದು ಕಡೆ ಜಾಸ್ತಿ ಖರ್ಚಾದರೆ ಇನ್ನೊಂದು ಕಡೆ ಉಳಿಸುವಂತೆ ಕಾಣುತ್ತದೆ. ಟಾಂಜಾನಿಯಾದ ಹಡ್ಜಾ ಜನರಲ್ಲಿ ಕೆಲವರು ಇವತ್ತಿಗೂ ಬೇಟೆಯಾಡಿ, ಗೆಡ್ಡೆ ಅಗೆದು ಬದುಕುವವರು. ದಿನಾ ಮೈಲಿಗಟ್ಟಲೆ ನಡೆಯುತ್ತಾರೆ. ಅಮೆರಿಕದ ಮಾನವಶಾಸ್ತ್ರಜ್ಞ ಹರ್ಮನ್ ಪಾಂಟ್ಸರ್ ಮತ್ತು ಜೊತೆಗಾರರು ಅವರು ದಿನಕ್ಕೆ ಖರ್ಚು ಮಾಡುವ ಶಕ್ತಿಯನ್ನು ಅಳೆದು 2012ರಲ್ಲಿ ಪ್ರಕಟಿಸಿದರು. ಮೈಯ ಗಾತ್ರವನ್ನು ಲೆಕ್ಕಕ್ಕೆ ಹಿಡಿದು ನೋಡಿದರೆ, ಅಮೆರಿಕ, ಯುರೋಪಿನ ಜನರ ಖರ್ಚಿಗೂ ಅವರದಕ್ಕೂ ಹೆಚ್ಚು ವ್ಯತ್ಯಾಸ ಇರಲಿಲ್ಲ. ಇದನ್ನು ಓದಿದಾಗ ನನ್ನ ಎರಡು ವರ್ಷ ಕಣ್ಣ ಮುಂದೆ ಬಂತು. ದಿನಕ್ಕೆ ಹದಿನೈದು ಕಿಲೋಮೀಟರ್ ಓಡುವವರ, ಗದ್ದೆಯಲ್ಲಿ ದುಡಿಯುವವರ ಮಾತು ಬೇರೆ. ಅವರು ಜಾಸ್ತಿ ತಿನ್ನಲೇಬೇಕು. ನನ್ನ ಹಾಗೆ ಮುಕ್ಕಾಲು ಗಂಟೆ ನಡೆಯುವವರಿಗೆ ಆ ರಿಯಾಯಿತಿ ಬೇಡ.

ಸರಿ, ವಾಚ್ ಕಳಚಿಟ್ಟೆ. ಆಮೇಲೆ ಅಡುಗೆಮನೆ ಕಡೆ ತಿರುಗಿದೆ. ನಿಜವಾದ ಕೆಲಸ ಇದ್ದದ್ದು ಅಲ್ಲಿ.

ಆ್ಯಪ್‌ನಲ್ಲಿ "ಬೀನ್ಸ್ ಪಲ್ಯ, ಒಂದು ಬಟ್ಟಲು" ಅಂತ ಒತ್ತಿದರೆ ಒಂದು ಸಂಖ್ಯೆ ಬರುತ್ತದೆ. ಅದು ಯಾರ ಮನೆ ಪಲ್ಯ? ನಮ್ಮನೆ ಒಗ್ಗರಣೆಗೆ ಎಷ್ಟು ಎಣ್ಣೆ ಬೀಳುತ್ತದೆ, ಎಷ್ಟು ಕಾಯಿತುರಿ ಉದುರಿಸುತ್ತೇನೆ ಅಂತ ಅದಕ್ಕೆ ಹೇಗೆ ಗೊತ್ತಾಗಬೇಕು? ಹಸಿ ತೆಂಗಿನಕಾಯಿ 100 ಗ್ರಾಂಗೆ 350 ಕ್ಯಾಲೊರಿಗೂ ಮೇಲೆ. ಒಂದು ದೊಡ್ಡ ಚಮಚ ಎಣ್ಣೆ ಸುಮಾರು 120. ಬೀನ್ಸ್ ಲೆಕ್ಕಕ್ಕೇ ಇಲ್ಲ ಅನ್ನಬಹುದು. ಪಲ್ಯದ ಕ್ಯಾಲೊರಿ ಇರುವುದು ಎಣ್ಣೆ, ಕಾಯಿಯಲ್ಲಿ.

ಪ್ರತಿ ಸಲ ಎಣ್ಣೆ ಅಳೆಯುವುದು ಆಗದ ಮಾತು. ನಾನು ಮಾಡಿದ್ದು ಬೇರೆ. ತಿಂಗಳ ಸಾಮಾನಿನ ಚೀಟಿ ನೋಡಿದೆ. ನಾಲ್ಕು ಜನರ ಮನೆಗೆ ತಿಂಗಳಿಗೆ ನಾಲ್ಕು ಲೀಟರ್ ಎಣ್ಣೆ ಬರುತ್ತಿತ್ತು. ಒಂದು ಲೀಟರ್ ಅಂದರೆ ಸುಮಾರು 910 ಗ್ರಾಂ, ಗ್ರಾಂಗೆ 9 ಕ್ಯಾಲೊರಿ. ಭಾಗ ಮಾಡಿದರೆ ಒಬ್ಬೊಬ್ಬರಿಗೆ ದಿನಕ್ಕೆ 30 ಗ್ರಾಂ ಎಣ್ಣೆ, ಹತ್ತಿರ ಹತ್ತಿರ 270 ಕ್ಯಾಲೊರಿ. ತುಪ್ಪ, ಕಾಯಿ, ಕಡಲೆಬೀಜ ಇನ್ನೂ ಸೇರಿಸಿಲ್ಲ. ನನ್ನ ಆರು ವಾರದ ದಾಖಲೆಯಲ್ಲಿ ಎಣ್ಣೆಯ ಪಾಲು ಇದರ ಅರ್ಧವೂ ಇರಲಿಲ್ಲ.

ಈಗ ಕೂಡಿಸಿ. ಮಿತಿ 1,350. ವಾಚ್ ಕೊಟ್ಟ 300. ಬರೆಯದೆ ಬಿಟ್ಟ ಎಣ್ಣೆ, ಕಾಯಿ, ರುಚಿ ನೋಡಿದ್ದು, ಮಗಳ ತಟ್ಟೆಯಲ್ಲಿ ಉಳಿದದ್ದು ಎಲ್ಲ ಸೇರಿ ಒಂದು 200. ಒಟ್ಟು 1,850. ನನ್ನ ವಯಸ್ಸು, ತೂಕ, ಓಡಾಟಕ್ಕೆ ದಿನಕ್ಕೆ ಬೇಕಾಗುವುದೂ ಸರಿಸುಮಾರು ಅಷ್ಟೇ. ತೂಕ ಯಾಕೆ ಇಳಿಯುತ್ತದೆ?

1992ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ಒಂದು ಅಧ್ಯಯನ ಬಂದಿತ್ತು. 1,200 ಕ್ಯಾಲೊರಿಗಿಂತ ಕಡಿಮೆ ತಿಂದರೂ ತೂಕ ಇಳಿಯುತ್ತಿಲ್ಲ ಅನ್ನುತ್ತಿದ್ದ ಹತ್ತು ಜನರನ್ನು ನಿಖರವಾಗಿ ಅಳೆದು ನೋಡಿದರು. ಅವರ ಮೈ ಕೆಲಸ ಮಾಡುವ ರೀತಿಯಲ್ಲಿ ಏನೂ ದೋಷ ಇರಲಿಲ್ಲ. ತಿಂದದ್ದನ್ನು ಸರಾಸರಿ 47% ಕಡಿಮೆ ಹೇಳಿದ್ದರು, ಮಾಡಿದ ಓಡಾಟವನ್ನು 51% ಜಾಸ್ತಿ ಹೇಳಿದ್ದರು. ಅವರು ಸುಳ್ಳು ಹೇಳಿದರು ಅಂತ ನಾನು ಓದಿಕೊಳ್ಳಲಿಲ್ಲ. ನಾನೂ ಸುಳ್ಳು ಬರೆದಿರಲಿಲ್ಲ. ಕಣ್ಣಳತೆ ಎಲ್ಲರಿಗೂ ಮೋಸ ಮಾಡುತ್ತದೆ. ಆದ್ದರಿಂದ "ನೀನು ಕದ್ದು ತಿಂತೀಯ" ಅಂತ ದಪ್ಪಗಿರುವವರಿಗೆ ಹೇಳುವವರನ್ನು ಕಂಡರೆ ನನಗೆ ಕೋಪ ಬರುತ್ತದೆ.

ಹಾಗಾಗಿ ಒಂದು ಅಡುಗೆ ತಕ್ಕಡಿ ತಂದೆ. ಮೊದಲ ದಿನ ಊಟಕ್ಕೆ ಕೂತಾಗ ಮುದ್ದೆಯನ್ನು ಅದರ ಮೇಲಿಟ್ಟೆ. ನಮ್ಮತ್ತೆ ಮಂಡ್ಯ ಕಡೆಯವರು. ನೋಡಿದವರೇ ಕೈ ತಡೆದರು. "ಉಣ್ಣೋ ಅನ್ನ ತೂಗ್ಬಾರ್ದು ಕಣವ್ವ" ಅಂದರು. ಅವರ ಮುಖದಲ್ಲಿ ನೋವಿತ್ತು. ಅವರ ಮಟ್ಟಿಗೆ ಬಡಿಸಿದ ಅನ್ನವನ್ನು ತೂಕಕ್ಕೆ ಇಡುವುದು ಅಂದರೆ ಉಣ್ಣುವವರನ್ನು ಅವಮಾನ ಮಾಡಿದ ಹಾಗೆ. ನಾನು ವಾದ ಮಾಡಲಿಲ್ಲ.

ಮಾರನೇ ದಿನ ಅವರ ಎದುರಿಗೇ ರಾಗಿಹಿಟ್ಟು ತೂಗಿದೆ. "ಮುದ್ದೆ ತೂಗಲ್ಲ ಅತ್ತೆ, ಹಿಟ್ಟು ತೂಗ್ತೀನಿ" ಅಂದೆ. ಅದಕ್ಕವರು, "ಹಿಟ್ಟು ಅಳೀದೆ ಹೆಂಗವ್ವ ಮಾಡ್ತಾರೆ? ನಾವೂ ಸೇರು ಪಾವಲ್ಲಿ ಅಳ್ದೇ ಹಾಕ್ತಿದ್ವಿ" ಅಂದರು. ನನಗೆ ಈ ಮಾತು ತುಂಬಾ ಇಷ್ಟವಾಯಿತು. ಲೆಕ್ಕದ ದೃಷ್ಟಿಯಿಂದಲೂ ಅದೇ ಸರಿ. ಬೇಯಿಸಿದ ಮೇಲೆ ಎಷ್ಟು ನೀರು ಹೀರಿದೆಯೋ ಅದರ ಮೇಲೆ ತೂಕ ಬದಲಾಗುತ್ತದೆ. ಹಸಿ ಹಿಟ್ಟಿನ ತೂಕ ಬದಲಾಗುವುದಿಲ್ಲ. ನಮ್ಮನೆಯಲ್ಲಿ ಅರ್ಧ ಕಿಲೋ ಹಿಟ್ಟಿಗೆ ಆರು ಮುದ್ದೆ. ಒಂದಕ್ಕೆ 83 ಗ್ರಾಂ ಹಿಟ್ಟು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ 528 ಆಹಾರಗಳ ಪಟ್ಟಿ ಹೊರತಂದಿದೆ. ಅದರ ಪ್ರಕಾರ ರಾಗಿ 100 ಗ್ರಾಂಗೆ ಸುಮಾರು 320 ಕ್ಯಾಲೊರಿ. ಹಾಗಾದರೆ ನಮ್ಮನೆ ಮುದ್ದೆ 265. ಆ್ಯಪ್‌ನಲ್ಲಿ ರಾಗಿಮುದ್ದೆ ಅಂತ ಹುಡುಕಿದರೆ ನನಗೆ 110ರಿಂದ 330ರವರೆಗೆ ಬೇರೆ ಬೇರೆ ಸಂಖ್ಯೆ ಸಿಕ್ಕಿದ್ದವು. ಹಿಂದೆ ನಾನು ಆರಿಸುತ್ತಿದ್ದದ್ದು 110.

ಅಕ್ಕಿ ವಿಷಯದಲ್ಲೂ ಹುಷಾರು. ಅಕ್ಕಿ 100 ಗ್ರಾಂಗೆ 350, ಬೆಂದ ಅನ್ನ 100 ಗ್ರಾಂಗೆ 130. ಅನ್ನ ತೂಗಿ ಅಕ್ಕಿ ಅಂತ ಬರೆದರೆ, ಅಥವಾ ಅಕ್ಕಿ ತೂಗಿ ಅನ್ನ ಅಂತ ಬರೆದರೆ, ಎರಡೂವರೆ ಪಟ್ಟಿಗಿಂತ ಜಾಸ್ತಿ ತಪ್ಪು.

ನಮ್ಮನೆ ಅಡುಗೆಗಳನ್ನು ಹೀಗೆ ಒಂದೊಂದಾಗಿ ನಾನೇ ಆ್ಯಪ್‌ಗೆ ಸೇರಿಸಿದೆ. ಬಸ್ಸಾರು, ಉಪ್ಸಾರು, ಹುಳಿ, ಚಿತ್ರಾನ್ನ, ದೋಸೆ. ಒಂದು ತಿಂಗಳು ಹಿಡಿಯಿತು. ಆಮೇಲೆ ದಿನಕ್ಕೆ ಐದು ನಿಮಿಷದ ಕೆಲಸ. ಮಿತಿಯನ್ನು 1,500ಕ್ಕೆ ಏರಿಸಿಕೊಂಡೆ, ವಾಕಿಂಗ್‌ಗೆ ಏನೂ ಸೇರಿಸದೆ. ಎಣ್ಣೆಯನ್ನು ತಿಂಗಳಿಗೆ ಎರಡೂವರೆ ಲೀಟರಿಗೆ ಇಳಿಸಿದೆ. ಅಷ್ಟರಿಂದಲೇ ಒಬ್ಬೊಬ್ಬರಿಗೆ ದಿನಕ್ಕೆ 100 ಕ್ಯಾಲೊರಿ ಕಡಿಮೆಯಾಯಿತು. ಪಲ್ಯದ ರುಚಿ ಬದಲಾಯಿತು ಅಂತ ಮನೆಯಲ್ಲಿ ಯಾರೂ ಹೇಳಲಿಲ್ಲ.

ಹಬ್ಬಗಳಲ್ಲಿ ಲೆಕ್ಕ ಇಡಲಿಲ್ಲ. ಯುಗಾದಿಗೆ ಹೋಳಿಗೆ ತಿಂದು ಮಾರನೇ ದಿನ ತೂಕ ನೋಡಿದರೆ ಒಂದೂವರೆ ಕಿಲೋ ಜಾಸ್ತಿ ಇತ್ತು. ಹೆದರಬೇಡಿ, ಅದು ಕೊಬ್ಬಲ್ಲ. ಒಂದು ಕಿಲೋ ಕೊಬ್ಬು ಕೂಡಬೇಕಾದರೆ ಸುಮಾರು 7,700 ಕ್ಯಾಲೊರಿ ಹೆಚ್ಚಿಗೆ ತಿನ್ನಬೇಕು. ಉಪ್ಪು, ಸಿಹಿ ಜಾಸ್ತಿಯಾದಾಗ ಮೈ ನೀರು ಹಿಡಿದಿಟ್ಟುಕೊಳ್ಳುತ್ತದೆ, ಅಷ್ಟೇ. ನಾಲ್ಕೈದು ದಿನಕ್ಕೆ ಹೋಯಿತು. ವಾರದ ಸರಾಸರಿಯನ್ನು ಹಿಂದಿನ ವಾರದ ಸರಾಸರಿ ಜೊತೆ ಹೋಲಿಸುವುದು ನನಗೆ ನೆಮ್ಮದಿ ಕೊಟ್ಟಿತು.

ಹಾಗಾದರೆ ವಾಕಿಂಗ್ ಯಾಕೆ ಅಂತ ಕೇಳುತ್ತೀರಿ. ನಾನು ಅದನ್ನು ಬಿಟ್ಟಿಲ್ಲ. ಮೊದಲು ರಾತ್ರಿ ಎರಡು ಗಂಟೆಗೆ ಎಚ್ಚರಾಗಿ ಹೊರಳಾಡುತ್ತಿದ್ದವಳು ಈಗ ಒಂದೇ ನಿದ್ದೆಯಲ್ಲಿ ಬೆಳಗು ಮಾಡುತ್ತೇನೆ. ಚಾಮುಂಡಿ ಬೆಟ್ಟದ ಮೆಟ್ಟಿಲನ್ನು ನಂದಿಯವರೆಗೂ ಕೂರದೆ ಹತ್ತುತ್ತೇನೆ. ಬರೀ ಊಟ ಕಡಿಮೆ ಮಾಡಿ ತೂಕ ಇಳಿಸಿದರೆ ಕೊಬ್ಬಿನ ಜೊತೆ ಮಾಂಸಖಂಡವೂ ಕರಗುತ್ತದೆ. ಅದನ್ನು ತಡೆಯುವುದಕ್ಕೆ ವಾರಕ್ಕೆ ಮೂರು ದಿನ ಬಸ್ಕಿ ಹೊಡೆಯುತ್ತೇನೆ, ಭಾರ ಎತ್ತುತ್ತೇನೆ. ಕಾಳು, ಮೊಸರು, ಮೊಟ್ಟೆ ಜಾಸ್ತಿ ಮಾಡಿಕೊಂಡೆ. ಇದನ್ನೆಲ್ಲ ದೋಸೆಗೆ ಬದಲಿ ಕೊಡುವ ಕೂಲಿ ಅಂತ ನೋಡುತ್ತಿದ್ದೆನಲ್ಲ, ಅದೇ ನನಗೆ ಈಗ ಬೇಸರ ತರಿಸುವ ವಿಷಯ. ಬೆಳಗಿನ ಕೆರೆಯ ಗಾಳಿ, ನೀರಿನ ಮೇಲೆ ಇಳಿಯುವ ಹೆಜ್ಜಾರ್ಲೆಗಳು, ಇವನ್ನೂ ನಾನು ವಾಚ್ ನೋಡುತ್ತಾ ದಾಟಿಬಿಡುತ್ತಿದ್ದೆ.

ಇನ್ನೊಂದನ್ನು ಹೇಳದೆ ಮುಗಿಸಲಾರೆ. ನನ್ನ ಮಗಳು ಒಂಬತ್ತನೇ ಕ್ಲಾಸು. ಒಂದು ಸಂಜೆ ಅರ್ಧ ಚಪಾತಿ ತಟ್ಟೆಯಲ್ಲೇ ಬಿಟ್ಟು, "ಅಮ್ಮಾ, ಇದು ಎಷ್ಟಾಗುತ್ತೆ?" ಅಂತ ಕೇಳಿದಳು. ನನಗೆ ಎದೆ ಧಸಕ್ ಅಂತು. ಬೆಳೆಯುವ ಹುಡುಗಿ, ತೂಕ ಸರಿಯಾಗಿಯೇ ಇದೆ. ಊಟಕ್ಕೆ ಕೂತಾಗ ನಾನು ಸಂಖ್ಯೆ ಹೇಳಿಕೊಳ್ಳುತ್ತಿದ್ದದ್ದು ಅವಳ ಕಿವಿಗೆ ಬೀಳುತ್ತಿತ್ತು. ಅವತ್ತೇ ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಮಾತಾಡಿದೆ. ಆಮೇಲೆ ತಕ್ಕಡಿ ಕಪಾಟಿನ ಒಳಗೆ ಹೋಯಿತು. ಎಲ್ಲರ ಊಟ ಮುಗಿದ ಮೇಲೆ ರೂಮಿನಲ್ಲಿ ಬರೆದುಕೊಳ್ಳುತ್ತಿದ್ದೆ. ಮನೆಯಲ್ಲಿ ಈ ವಯಸ್ಸಿನ ಮಕ್ಕಳಿದ್ದರೆ ದಯವಿಟ್ಟು ಇದನ್ನು ಮೊದಲ ದಿನದಿಂದಲೇ ಪಾಲಿಸಿ. ಸಕ್ಕರೆ ಕಾಯಿಲೆಗೆ ಮಾತ್ರೆ, ಇನ್ಸುಲಿನ್ ತೆಗೆದುಕೊಳ್ಳುವವರು ಡಾಕ್ಟರನ್ನು ಕೇಳದೆ ಊಟ ಕಡಿಮೆ ಮಾಡಬೇಡಿ. ಬಸುರಿಯರು, ಬಾಣಂತಿಯರು ಇದಕ್ಕೆ ಕೈ ಹಾಕಲೇಬೇಡಿ.

ಈಗ ನಾನು 64.5 ಕಿಲೋ. ಎತ್ತರಕ್ಕೆ ತಕ್ಕ ತೂಕದ ಪಟ್ಟಿಯ ಪ್ರಕಾರ ಇನ್ನೂ ಇಳಿಯಬೇಕು, ಅವಸರವಿಲ್ಲ. ದಿನಾ ಬರೆಯುವುದನ್ನು ನಿಲ್ಲಿಸಿದ್ದೇನೆ. ಎರಡು ತಿಂಗಳಿಗೊಮ್ಮೆ ಒಂದು ವಾರ ಬರೆಯುತ್ತೇನೆ, ಕಣ್ಣಳತೆ ಜಾರಿದೆಯಾ ಅಂತ ನೋಡುವುದಕ್ಕೆ. ತಿಂಗಳ ಚೀಟಿಯಲ್ಲಿ ಎಣ್ಣೆ ಎಷ್ಟು ಬಂತು ಅಂತ ಮಾತ್ರ ತಪ್ಪದೆ ನೋಡುತ್ತೇನೆ.

ಹುಬ್ಬಳ್ಳಿ, ಬಿಜಾಪುರ ಕಡೆಯ ಗೆಳತಿಯರಲ್ಲಿ ಒಂದು ಕೇಳಬೇಕು. ಮಗಳಿಗೆ ಜೋಳದ ರೊಟ್ಟಿ ಅಂದರೆ ಪ್ರಾಣ, ನನಗೆ ಬಡಿಯುವುದು ಇನ್ನೂ ಸರಿಯಾಗಿ ಬಂದಿಲ್ಲ. ನಿಮ್ಮನೆಯಲ್ಲಿ ಒಂದು ರೊಟ್ಟಿಗೆ ಎಷ್ಟು ಗ್ರಾಂ ಹಿಟ್ಟು ಹಿಡಿಯುತ್ತದೆ? ತೂಗಿ ನೋಡಿದವರಿದ್ದರೆ ಹೇಳಿ. ಹಿಟ್ಟು ಸಾಕು, ರೊಟ್ಟಿ ತೂಗುವುದು ಬೇಡ.