ಕೆಂಪು ಗಾಳಕ್ಕೆ ಜಾಸ್ತಿ ದುಡ್ಡು ಕೊಡಬೇಕಾ?

ಟೆಕ್ಸಾಸ್‌ನ ಯಾವ ದೊಡ್ಡ ಮೀನುಗಾರಿಕೆ ಅಂಗಡಿಗೆ ಹೋದರೂ ಗಾಳಗಳಿಗೆಂದೇ ಒಂದು ಗೋಡೆ ಮೀಸಲು. ಕಂಚಿನ ಬಣ್ಣದ್ದು, ಬೆಳ್ಳಿ ಬಣ್ಣದ್ದು, ಚಿನ್ನದ ಬಣ್ಣದ್ದು, ಕಪ್ಪು ನಿಕಲ್, ಕೆಂಪು. ಅಳತೆ ಒಂದೇ, ಆಕಾರ ಒಂದೇ, ಎಷ್ಟೋ ಸಲ ಕಂಪನಿಯೂ ಒಂದೇ. ಬಣ್ಣ ಮಾತ್ರ ಬೇರೆ. ಡಲ್ಲಾಸ್ ಸುತ್ತಮುತ್ತ ವಾರಾಂತ್ಯಕ್ಕೆ ಬಾಸ್ ಮೀನು ಹಿಡಿಯಲು ಹೋಗುವ ಕನ್ನಡದವರು ನಾವು ಒಂದಷ್ಟು ಜನ ಇದ್ದೇವೆ. ನಮ್ಮಲ್ಲೂ ಈ ಚರ್ಚೆ ಮುಗಿದದ್ದೇ ಇಲ್ಲ. ಕೆಂಪು ಗಾಳ ಹಾಕಿದರೆ ಬಾಸ್ ಜಾಸ್ತಿ ಕಚ್ಚುತ್ತದಾ?

ನನ್ನ ಮಟ್ಟಿಗೆ ಉತ್ತರ, ಹೆಚ್ಚುಕಡಿಮೆ ಇಲ್ಲ. ಆದರೆ "ಮೀನಿಗೆಲ್ಲಿ ಬಣ್ಣ ಗೊತ್ತಾಗುತ್ತೆ ಬಿಡಿ" ಅಂತ ಕೆಲವರು ಹೇಳುತ್ತಾರಲ್ಲ, ಆ ಕಾರಣಕ್ಕಲ್ಲ. ಬಾಸ್‌ಗೆ ಬಣ್ಣ ಗೊತ್ತಾಗುತ್ತದೆ. ಕೆಂಪಂತೂ ಚೆನ್ನಾಗಿಯೇ ಗೊತ್ತಾಗುತ್ತದೆ.

ಬಾಸ್ ಅಂದರೆ ಇಲ್ಲಿ ಲಾರ್ಜ್‌ಮೌತ್ ಬಾಸ್. ಹಸಿರು ಮೈ, ಪಕ್ಕದಲ್ಲಿ ಕಪ್ಪು ಪಟ್ಟೆ, ಕಣ್ಣಿನಿಂದ ಹಿಂದಕ್ಕೂ ಸೀಳಿದ ಬಾಯಿ. ನಮ್ಮೂರ ಕೆರೆಗಳ ಕೊರವ ಮೀನಿನ ಹಾಗೆ ಕಳೆ, ಬೇರುಗಳ ಮರೆಯಲ್ಲಿ ಕಾದು ಕೂತು ಎರಗುವ ಜಾತಿ. ಜಾರ್ಜಿಯಾದಲ್ಲಿ 1932ರಲ್ಲಿ ಜಾರ್ಜ್ ಪೆರ್ರಿ ಎಂಬಾತ 22 ಪೌಂಡ್ 4 ಔನ್ಸ್‌ನ ಬಾಸ್ ಹಿಡಿದ. ಕೆಜಿ ಲೆಕ್ಕದಲ್ಲಿ 10ಕ್ಕೆ ಸ್ವಲ್ಪ ಜಾಸ್ತಿ. ಆ ದಾಖಲೆಗೆ ಸಮ ಅನ್ನಿಸಿಕೊಳ್ಳುವ ಮೀನು ಸಿಕ್ಕಿದ್ದು 2009ರಲ್ಲಿ, ಅದೂ ಜಪಾನ್‌ನ ಬಿವಾ ಸರೋವರದಲ್ಲಿ. ಇಷ್ಟು ವರ್ಷ ಇಷ್ಟು ಜನ ಈ ಒಂದು ಮೀನಿನ ಹಿಂದೆ ಬಿದ್ದಿರುವಾಗ ಗಾಳದ ಬಣ್ಣದವರೆಗೂ ಮಾತು ಬೆಳೆಯುವುದು ಸಹಜವೇ.

ಕೆಂಪು ಗಾಳ ಮಾರುವವರ ಮಾತನ್ನು ಸ್ವಲ್ಪ ಗಮನವಿಟ್ಟು ಕೇಳಿ. ಒಂದು ವಾದ: ಕೆಂಪು ಅಂದರೆ ರಕ್ತ, ಗಾಯಗೊಂಡ ಮರಿಮೀನು ಅಂದುಕೊಂಡು ಬಾಸ್ ಹತ್ತಿರ ಬರುತ್ತದೆ. ಇನ್ನೊಂದು ವಾದ: ನೀರಿನಲ್ಲಿ ಮೊದಲು ಮಾಯವಾಗುವುದೇ ಕೆಂಪು, ಹಾಗಾಗಿ ಗಾಳ ಕಾಣುವುದಿಲ್ಲ. ಎರಡನ್ನೂ ಒಂದೇ ಉಸಿರಿನಲ್ಲಿ ಹೇಳುವವರನ್ನು ಕಂಡಿದ್ದೇನೆ. ಅಲ್ಲ ಸ್ವಾಮಿ, ಅದೇ ಗಾಳ, ಅದೇ ನೀರು. ಕಂಡರೆ ರಕ್ತದ ಹಾಗೆ ಕಾಣಬೇಕು, ಕಾಣದಿದ್ದರೆ ಮಾಯವಾಗಬೇಕು. ಎರಡೂ ಒಟ್ಟಿಗೆ ಹೇಗೆ ಆಗುತ್ತೆ?

ಬಾಸ್ ಕಣ್ಣಿನ ವಿಷಯದಲ್ಲಿ ಇಲಿನಾಯ್‌ನಲ್ಲಿ ಒಳ್ಳೆಯ ಕೆಲಸ ಆಗಿದೆ. 1937ರಲ್ಲೇ ಫ್ರಾಂಕ್ ಬ್ರೌನ್ ಎಂಬ ವಿಜ್ಞಾನಿ ಈ ಮೀನಿನ ಬಣ್ಣದ ತಿಳಿವಳಿಕೆ ಪರೀಕ್ಷಿಸಿದ್ದರು. ನಾವು ಹಳದಿ ಗಾಜಿನ ಮೂಲಕ ನೋಡಿದರೆ ಲೋಕ ಹೇಗೆ ಕಾಣುತ್ತದೋ ಸುಮಾರಾಗಿ ಬಾಸ್‌ಗೂ ಹಾಗೆ ಎಂಬ ತೀರ್ಮಾನಕ್ಕೆ ಬಂದರು. ಬಹಳ ವರ್ಷಗಳ ನಂತರ, 2019ರಲ್ಲಿ, ಇಲಿನಾಯ್ ವಿಶ್ವವಿದ್ಯಾಲಯದ ಇನ್ನೊಂದು ಅಧ್ಯಯನ ಪ್ರಕಟವಾಯಿತು. ಬಣ್ಣ ಗುರುತಿಸಲು ನಮ್ಮ ಕಣ್ಣಿನಲ್ಲಿ ಮೂರು ಬಗೆಯ ಕೋಶಗಳಿದ್ದರೆ ಬಾಸ್‌ಗೆ ಇರುವುದು ಎರಡೇ. ಒಂದು ಹಸಿರಿನ ಕಡೆಗೆ, ಸುಮಾರು 535 ನ್ಯಾನೊಮೀಟರ್ ಉದ್ದದ ಬೆಳಕಿನ ಅಲೆಗೆ. ಇನ್ನೊಂದು ಕೆಂಪಿನ ಕಡೆಗೆ, ಸುಮಾರು 614. ಕೆಂಪು ಇಲ್ಲವೇ ಹಸಿರು ಗುರುತು ಆರಿಸಲು ಕಲಿಸಿದ ಮೀನುಗಳು ಬಹುತೇಕ ಸರಿಯಾಗಿಯೇ ಆರಿಸಿದವು. ನೀಲಿ ಕಲಿತ ಮೀನುಗಳು ಕಪ್ಪನ್ನೂ ನೀಲಿ ಅಂದುಕೊಂಡವು. ಎದ್ದು ಕಾಣುವ ಹಳದಿ-ಹಸಿರನ್ನು ಕಲಿತವಕ್ಕೆ ಬಿಳಿಯ ಜೊತೆ ಗೊಂದಲ.

ಈ ಫಲಿತಾಂಶ ಓದಿದಾಗ ನನಗೆ ನಗು ಬಂತು. ಇಲ್ಲಿ ಲೂರ್ (ಮೀನನ್ನು ಸೆಳೆಯುವ ನಕಲಿ ಆಹಾರ) ಹಳದಿ-ಹಸಿರು ಒಳ್ಳೆಯದಾ, ಬಿಳಿ ಒಳ್ಳೆಯದಾ ಅಂತ ದೋಣಿಯಲ್ಲಿ ಕೂತು ಅರ್ಧ ದಿನ ವಾದ ಮಾಡುವವರಿದ್ದಾರೆ. ಕೆಳಗಿರುವ ಬಾಸ್‌ಗೆ ಎರಡೂ ಒಂದೇ!

ಇರಲಿ, ಕೆಂಪಿಗೆ ಬರೋಣ. ಮೀನಿನ ಕಣ್ಣು ಕೆಂಪನ್ನು ಹಿಡಿಯುತ್ತದೆ, ಆದರೆ ಆ ಬೆಳಕು ಕೆಳಗಿನವರೆಗೆ ಇಳಿಯಬೇಕಲ್ಲ. ತಿಳಿನೀರಿನಲ್ಲಿ ಕೆಂಪು ಬೆಳಕು ಬೇಗ ಸೋಲುತ್ತದೆ. ಕೆಲವು ಮೀಟರ್ ಇಳಿಯುವಷ್ಟರಲ್ಲಿ ಕೆಂಪು ಗಾಳ ಬರೀ ಮಂಕು ಕಪ್ಪು. ಎಲೆ ಕೊಳೆತು ಚಹಾ ಬಣ್ಣಕ್ಕೆ ತಿರುಗಿದ ನೀರಿನಲ್ಲಿ ಇದು ಉಲ್ಟಾ. ಅಲ್ಲಿ ನೀಲಿ ಮೊದಲು ಹೋಗುತ್ತದೆ, ಕೆಂಪು ಕಿತ್ತಳೆ ಕೊನೆಗೆ ಉಳಿಯುತ್ತವೆ. ಪಾಚಿಯಿಂದ ಹಸಿರಾದ ನೀರಿನಲ್ಲಿ ಎರಡೂ ತುದಿ ಕಟ್ಟಾಗಿ ಮಧ್ಯದ ಹಸಿರು ಉಳಿಯುತ್ತದೆ. ಅಂದರೆ "ಕೆಂಪು ಗಾಳ" ಅಂತ ಒಂದು ವಸ್ತು ನೀರಿನ ಮೇಲೆ ಮಾತ್ರ ಇದೆ. ನೀರಿನ ಒಳಗೆ ಅದು ಯಾವ ಬಣ್ಣ ಅನ್ನುವುದನ್ನು ಆ ಕೆರೆ, ಆ ಆಳ, ಆ ಹೊತ್ತು ತೀರ್ಮಾನಿಸುತ್ತವೆ. ಪ್ಯಾಕೆಟ್ ಮೇಲೆ ಇದನ್ನು ಯಾರೂ ಅಚ್ಚು ಹಾಕುವುದಿಲ್ಲ ಬಿಡಿ.

ಇದಕ್ಕಿಂತ ದೊಡ್ಡ ಪ್ರಶ್ನೆ, ಗಾಳ ಮೀನಿಗೆ ಕಾಣುತ್ತದಾ ಅನ್ನುವುದು. ಬಾಸ್ ಹಿಡಿಯುವವರು ಬಹಳ ಬಳಸುವ ಕಟ್ಟು ಟೆಕ್ಸಾಸ್ ರಿಗ್. ಮೆತ್ತನೆಯ ಪ್ಲಾಸ್ಟಿಕ್ ಹುಳು, ಅದರ ತಲೆಯಲ್ಲಿ ಗಾಳ ಚುಚ್ಚಿ, ತಿರುಗಿಸಿ, ಮೊನೆಯನ್ನು ಮತ್ತೆ ಹುಳುವಿನ ಮೈಯೊಳಗೇ ಹುದುಗಿಸುವುದು. ಕಳೆಗೆ ಸಿಕ್ಕಿಕೊಳ್ಳಬಾರದು ಅಂತ ಈ ಉಪಾಯ. ಹೊರಗೆ ಕಾಣುವುದು ಹೊಟ್ಟೆಯ ಕೆಳಗಿನ ಒಂದು ತುಂಡು ತಂತಿ. ಬಾಸ್ ಬಂದು ಮೂಸಿ ನೋಡಿ ತಿನ್ನುವ ಮೀನೂ ಅಲ್ಲ. ಬಾಯಿ ತೆರೆದ ಕೂಡಲೇ ನೀರಿನ ಜೊತೆ ಹುಳುವನ್ನೂ ಒಳಗೆ ಎಳೆದುಕೊಳ್ಳುತ್ತದೆ, ಕಣ್ಣು ಮಿಟುಕಿಸುವುದರೊಳಗೆ ಮುಗಿಯಿತು. ಅಷ್ಟರಲ್ಲಿ ಆ ತಂತಿಯ ಬಣ್ಣ ನೋಡಿ ಮನಸ್ಸು ಬದಲಾಯಿಸುತ್ತದೆ ಅಂದರೆ ನಾನಂತೂ ನಂಬಲ್ಲ.

ಗಾಳ ಬಚ್ಚಿಡುವ ವಿದ್ಯೆಯಲ್ಲಿ ನಮ್ಮವರೂ ಕಡಿಮೆಯಿಲ್ಲ. ಕಾವೇರಿಯಲ್ಲಿ, ಭೀಮೇಶ್ವರಿ, ಗಾಳಿಬೋರೆ ಕಡೆ ಮಹಶೀರ್ ಎಂಬ ದೊಡ್ಡ ಹೊಳೆಮೀನು ಹಿಡಿಯುತ್ತಿದ್ದ ಕಾಲದಲ್ಲಿ ಬಳಸುತ್ತಿದ್ದದ್ದು ರಾಗಿ. ಹಿಟ್ಟು ಕಲಸಿ, ಉಂಡೆ ಕಟ್ಟಿ, ಬೇಯಿಸಿ, ಅದರಲ್ಲಿ ದೊಡ್ಡ ಗಾಳ ಹುದುಗಿಸಿ ಹೊಳೆಗೆ ಬಿಡುವುದು. ಪರದೇಶದಿಂದ ದುಬಾರಿ ರಾಡು, ರೀಲು ಹೊತ್ತು ಬಂದವರೂ ಕೊನೆಗೆ ಕಟ್ಟುತ್ತಿದ್ದದ್ದು ಈ ರಾಗಿ ಉಂಡೆಯನ್ನೇ. ಉಂಡೆಯೊಳಗಿನ ಗಾಳ ಕೆಂಪಾದರೇನು, ಕಪ್ಪಾದರೇನು? ಹಾಗಂತ ಮಹಶೀರ್ ಉದಾಹರಣೆ ಕೊಟ್ಟು ಬಾಸ್ ವಾದ ಮುಗಿಸಲು ಆಗುವುದಿಲ್ಲ. ಮಹಶೀರ್‌ಗೆ ಮೀಸೆ ಇದೆ, ವಾಸನೆ ರುಚಿ ಹಿಡಿದು ಬರುತ್ತದೆ. ಬಾಸ್ ಕಣ್ಣನ್ನು ನಂಬಿ ಬೇಟೆಯಾಡುತ್ತದೆ, ನೀರು ಕದಡಿದರೆ ಮೈಯ ಪಕ್ಕದ ಗೆರೆಯಿಂದ ಅಲುಗಾಟ ತಿಳಿಯುತ್ತದೆ. ಲೂರ್‌ನ ಬಣ್ಣ ಬಾಸ್‌ಗೆ ಮುಖ್ಯ ಅಂದರೆ ಒಪ್ಪುತ್ತೇನೆ. ಮಾತು ಲೂರ್‌ನದಲ್ಲ, ಅದರ ಹೊಟ್ಟೆಯೊಳಗಿನ ಗಾಳದ್ದು.

ನಾನು ಬೆಳೆದದ್ದು ತೀರ್ಥಹಳ್ಳಿ ಕಡೆ. ಅಲ್ಲಿ ಗಾಳ ಅಂದರೆ ಸಂತೆಯಲ್ಲಿ ಸಿಗುವ ಗಾಳ, ಬಿದಿರ ಕೋಲು, ನೈಲಾನ್ ದಾರ, ಎರೆಹುಳು. ಜೂನ್ ಮಳೆ ಹಿಡಿದು ಹತ್ತುಮೀನು, ಅಂದರೆ ಹೊಸ ನೀರಿಗೆ ಎದುರಾಗಿ ಮೀನು ಮೇಲೆ ಹತ್ತುವುದು, ಶುರುವಾದರೆ ಗಾಳಕ್ಕೂ ರಜೆ, ಗದ್ದೆ ಕಾಲುವೆಗೆ ಮೀನು ಹಿಡಿಯುವ ಕೂಣಿ ಇಡುವುದೇ ಕೆಲಸ. ಚರ್ಚೆ ನಡೆಯುತ್ತಿದ್ದದ್ದು ಬೇರೆ ವಿಷಯಕ್ಕೆ. ನೀರು ಎಷ್ಟು ಕೆಂಪಾಗಿದೆ, ಯಾವ ಮಡು, ಮೋಡ ಇದೆಯಾ, ನಿನ್ನೆ ಅಲ್ಲಿ ಬೇರೆ ಯಾರಾದರೂ ಕೂತಿದ್ದರಾ. ಇಲ್ಲಿನ ಬಣ್ಣಬಣ್ಣದ ಗಾಳಗಳ ಫೋಟೋ ಕಳಿಸಿದಾಗ ಚಿಕ್ಕಪ್ಪ ಫೋನಿನಲ್ಲಿ ಕೇಳಿದರು: "ಗಾಳಕ್ಕೆಂಥ ಬಣ್ಣ ಮಾರಾಯ, ಮೀನಿನ ಮದುವೆಯಾ?"

ಆಮೇಲೆ ಅವರದ್ದು ಇನ್ನೊಂದು ಪ್ರಶ್ನೆ. ಹಿಡಿದ ಮೀನನ್ನು ವಾಪಸ್ ಬಿಡುವುದಾದರೆ ಹಿಡಿಯುವುದು ಯಾಕೆ? ಅವರಿಗೆ ಒಪ್ಪಿಗೆಯಾಗುವ ಉತ್ತರ ನನ್ನ ಹತ್ತಿರ ಇಲ್ಲ. ಬಾಸ್ ಪಂದ್ಯಗಳನ್ನು ದೊಡ್ಡದು ಮಾಡಿದ ರೇ ಸ್ಕಾಟ್ 1972ರಲ್ಲಿ ಹಿಡಿದ ಮೀನು ಕೊಲ್ಲಬೇಡಿ ಎಂಬ ಪ್ರಚಾರ ಶುರು ಮಾಡಿದರು. ಈಗ ಅದು ಇಲ್ಲಿನವರ ರೂಢಿ. ಬಣ್ಣದ ಚರ್ಚೆಗೂ ಇದಕ್ಕೂ ನಂಟಿದೆ ಅಂತ ನನ್ನ ಅನಿಸಿಕೆ. ಸಂಜೆ ಸಾರಿಗೆ ಮೀನು ಬೇಕಾದವನು ಸಿಕ್ಕಿದ ಗಾಳದಲ್ಲಿ ಹಿಡಿದು ಮನೆಗೆ ಹೋಗುತ್ತಾನೆ. ಸಾರಿನ ಗೊಡವೆ ಇಲ್ಲದವನಿಗೆ ಹಿಡಿಯುವ ರೀತಿಯೇ ಊಟ. ಅವನಿಗೆ ದಾರದ ದಪ್ಪ, ಗಾಳದ ಬಾಗು, ಬಣ್ಣ ಎಲ್ಲವೂ ಮಾತಿಗೆ ಬೇಕು. ಇದನ್ನು ಹೀಯಾಳಿಸಿ ಹೇಳುತ್ತಿಲ್ಲ, ನಾನೂ ಆ ಗುಂಪಿನವನೇ.

ಬಣ್ಣದ ಮೇಲಿನ ಈ ಆಸೆ ಎಷ್ಟು ಹಳೆಯದು ಅಂದರೆ 1980ರ ದಶಕದಲ್ಲಿ ಕಲರ್-ಸಿ-ಲೆಕ್ಟರ್ ಅಂತ ಒಂದು ಯಂತ್ರವೇ ಬಂದಿತ್ತು. ಒಕ್ಲಹೋಮಾ ವಿಶ್ವವಿದ್ಯಾಲಯದ ಲೊರೆನ್ ಹಿಲ್ ಅವರ ಕೆಲಸದಿಂದ ಹುಟ್ಟಿದ್ದು. ನೀರಿಗೆ ಅದರ ತಂತಿ ಇಳಿಬಿಟ್ಟರೆ ಈ ಆಳಕ್ಕೆ ಈ ಬಣ್ಣದ ಲೂರ್ ಹಾಕು ಅಂತ ಮುಳ್ಳು ತೋರಿಸುತ್ತಿತ್ತು. ಜನ ಮುಗಿಬಿದ್ದು ಕೊಂಡರು. ಈಗ ಯಾರ ದೋಣಿಯಲ್ಲೂ ಅದು ಕಾಣುವುದಿಲ್ಲ.

ಹಾಗಾದರೆ ಕೆಂಪು ಗಾಳ ಹಾಕಿದ ಮೇಲೆ ಮೀನು ಬಿತ್ತು ಅನ್ನುವವರೆಲ್ಲ ಸುಳ್ಳು ಹೇಳುತ್ತಾರಾ? ಇಲ್ಲ. ಮೀನು ಬಿದ್ದದ್ದು ನಿಜ, ಕಾರಣ ಮಾತ್ರ ಬೇರೆ ಇರಬಹುದು. ಮೀನು ಕಚ್ಚದೇ ಬೇಸರವಾದಾಗಲೇ ನಾವು ಗಾಳ ಬದಲಿಸುವುದು. ಅಷ್ಟರಲ್ಲಿ ಬಿಸಿಲು ಇಳಿದಿರುತ್ತದೆ, ಗಾಳಿ ತಿರುಗಿರುತ್ತದೆ. ಹೊಸದು ಕಟ್ಟಿದವನು ಸ್ವಲ್ಪ ಹೊತ್ತು ಮೈಯೆಲ್ಲ ಕಣ್ಣಾಗಿ ಎಸೆಯುತ್ತಾನೆ, ನಿಧಾನವಾಗಿ ಎಳೆಯುತ್ತಾನೆ. ಹೊಸ ಗಾಳದ ಮೊನೆಯೂ ಹರಿತ. ಇನ್ನು ಮೀನಿನ ಗುಣ. ಇಲಿನಾಯ್‌ನ ರಿಡ್ಜ್ ಲೇಕ್‌ನಲ್ಲಿ ದಶಕಗಳ ಕಾಲ ನಡೆದ ಅಧ್ಯಯನದಲ್ಲಿ ಕೆಲವು ಬಾಸ್‌ಗಳು ಮತ್ತೆ ಮತ್ತೆ ಗಾಳಕ್ಕೆ ಬಿದ್ದವು, ಕೆಲವು ಬೀಳಲೇ ಇಲ್ಲ. ಎರಡೂ ಬಗೆಯವನ್ನು ಬೇರೆ ಬೇರೆಯಾಗಿ ಮರಿ ಮಾಡಿಸಿದರೆ ಈ ಸ್ವಭಾವ ತಲೆಮಾರಿಗೆ ದಾಟಿತು. ನಿಮ್ಮ ಮುಂದಿರುವುದು ಸುಲಭಕ್ಕೆ ಕಚ್ಚುವ ಮೀನಾದರೆ ಯಾವ ಬಣ್ಣವಾದರೂ ಸೈ.

ಬಣ್ಣಕ್ಕೆ ಒಂದಿಷ್ಟು ಬೆಲೆ ಕೊಡುವ ಜಾಗಗಳು ಇವೆ. ವ್ಯಾಕಿ ರಿಗ್‌ನಲ್ಲಿ ಹುಳುವಿನ ನಡುವಿಗೆ ಗಾಳ ಚುಚ್ಚುತ್ತೇವೆ, ಗಾಳ ಪೂರ್ತಿ ಹೊರಗೇ ಇರುತ್ತದೆ. ನೀರು ತಿಳಿಯಾಗಿದ್ದು, ದಿನವೂ ಜನ ಬಂದು ಎಸೆಯುವ ಕೆರೆಯಾದರೆ ಹೊಳೆಯದ, ಸಣ್ಣ ತಂತಿಯ ಗಾಳ ಹಾಕುವುದರಲ್ಲಿ ಅರ್ಥವಿದೆ. ಅಲ್ಲೂ ನಾನು ಬಣ್ಣಕ್ಕಿಂತ ತಂತಿಯ ದಪ್ಪ ನೋಡುತ್ತೇನೆ. ಹುಳು ನೀರಿನಲ್ಲಿ ಸಲೀಸಾಗಿ ಅಲುಗಬೇಕಲ್ಲ. ಮೂರು ಮೊನೆಯ ಗಾಳ ನೇತಾಡುವ, ಕ್ರ್ಯಾಂಕ್‌ಬೇಟ್ ಎಂಬ ಮೀನಿನಾಕಾರದ ಲೂರ್‌ಗಳಲ್ಲಿ ಮುಂದಿನದು ಕೆಂಪಾಗಿದ್ದರೆ ಕಿವಿರಿನ ಹತ್ತಿರ ಗಾಯವಾದ ಹಾಗೆ ಕಾಣಬಹುದು, ತಗ್ಗು ನೀರಿನಲ್ಲಿ ಅದು ಇರಲಿ ಬಿಡಿ. ಚಳಿಗಾಲ ಮುಗಿಯುವ ಹೊತ್ತಿಗೆ ಪೂರ್ವ ಟೆಕ್ಸಾಸ್‌ನ ಸ್ಯಾಮ್ ರೇಬರ್ನ್ ಜಲಾಶಯದಲ್ಲಿ ಕೆಂಪು ಲೂರ್‌ಗೆ ಬಾಸ್ ಬೀಳುವುದಂತೂ ಎಲ್ಲರಿಗೂ ಗೊತ್ತು. ಆಗ ಬಾಸ್ ತಿನ್ನುವುದು ಕ್ರಾಫಿಶ್, ಸಿಗಡಿಯಂಥ ಕೆಂಪು ಸಿಹಿನೀರಿನ ಜೀವಿ. ಆದರೆ ಅಲ್ಲಿ ಕೆಂಪಾಗಿರುವುದು ಇಡೀ ಲೂರ್.

ಗಾಳಕ್ಕೆ ಲೇಪ ಹಾಕುವ ಮೊದಲ ಕಾರಣ ತುಕ್ಕು. ಕಂಚಿನ ಬಣ್ಣದ್ದಕ್ಕೆ ಬೇಗ ತುಕ್ಕು ಹಿಡಿಯುತ್ತದೆ, ನಿಕಲ್ ಮತ್ತು ತವರದ ಲೇಪ ಹೆಚ್ಚು ಬಾಳುತ್ತವೆ. ಕೊಳ್ಳುವಾಗ ನೋಡಬೇಕಾದದ್ದು ಇದು. ಇದರ ಬಗ್ಗೆ ಮಾತಾಡಿದರೆ ಯಾರಿಗೂ ಮಜಾ ಇರುವುದಿಲ್ಲ, ಅಷ್ಟೇ.

ಇಷ್ಟೆಲ್ಲ ಹೇಳಿದ ಮೇಲೂ ಕೆಂಪು ಗಾಳ ಕೊಳ್ಳುವವರನ್ನು ನಾನು ತಡೆಯುವುದಿಲ್ಲ. ಅಮೆರಿಕದಲ್ಲಿ 1950ರ ಡಿಂಗೆಲ್-ಜಾನ್ಸನ್ ಕಾಯ್ದೆ ಅಂತ ಒಂದಿದೆ. ರಾಡು, ರೀಲು, ಗಾಳ, ಲೂರ್ ತಯಾರಿಸುವವರು ಹತ್ತು ಪರ್ಸೆಂಟ್ ತೆರಿಗೆ ಕಟ್ಟಬೇಕು. ಆ ದುಡ್ಡು ರಾಜ್ಯಗಳ ಮೀನು ಇಲಾಖೆಗಳಿಗೆ ಬರುತ್ತದೆ, ಮೀನು ಬೆಳೆಸಲು, ಕೆರೆ ನೋಡಿಕೊಳ್ಳಲು. ಟೆಕ್ಸಾಸ್‌ನಲ್ಲಿ 1986ರಿಂದ ಶೇರ್‌ಲಂಕರ್ ಎಂಬ ಯೋಜನೆಯೂ ಇದೆ. 13 ಪೌಂಡ್ ಅಥವಾ ಅದಕ್ಕೂ ಜಾಸ್ತಿ ತೂಗುವ ಬಾಸ್ ಸಿಕ್ಕಿದರೆ ಇಲಾಖೆಗೆ ಕೊಡಬಹುದು, ಅವರು ಅದರಿಂದ ಮರಿ ಮಾಡಿಸುತ್ತಾರೆ. ಮೊದಲು ಹಾಗೆ ಕೊಟ್ಟದ್ದು ಲೇಕ್ ಫೋರ್ಕ್‌ನಲ್ಲಿ ಸಿಕ್ಕ 17.67 ಪೌಂಡ್‌ನ ಮೀನು. ಸಾಮಾನ್ಯ ಕೆರೆಗಳಲ್ಲಿ 14 ಇಂಚಿಗಿಂತ ಚಿಕ್ಕದನ್ನು ಇಟ್ಟುಕೊಳ್ಳುವಂತಿಲ್ಲ, ದಿನಕ್ಕೆ ಐದೇ.

ನಮ್ಮ ಕಡೆ ನೀರು ಓದುವ ವಿದ್ಯೆ ಇತ್ತು, ಹೊಳೆಗೆ ದುಡ್ಡು ವಾಪಸ್ ಹೋಗುವ ಇಂಥ ದಾರಿ ಇರಲಿಲ್ಲ. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಕುಟುಂಬದವರೊಬ್ಬರು ಕಬಿನಿಯಲ್ಲಿ 120 ಪೌಂಡ್‌ನ ಮಹಶೀರ್ ಹಿಡಿದಿದ್ದರು. ಆ ಗೂನುಬೆನ್ನಿನ ಮಹಶೀರ್ 2018ರಲ್ಲಿ ಅಳಿವಿನ ತೀರಾ ಅಂಚಿನಲ್ಲಿರುವ ಜೀವಿಗಳ ಪಟ್ಟಿಗೆ ಸೇರಿತು. ಡೈನಮೈಟ್ ಸಿಡಿಸಿದವರು, ಅಣೆಕಟ್ಟು, ಮರಳು, ಹೊರಗಿನಿಂದ ತಂದು ಬಿಟ್ಟ ಬೇರೆ ಮಹಶೀರ್, ಎಲ್ಲದರ ಪಾಲೂ ಅದರಲ್ಲಿದೆ. ಗಾಳ ಹಾಕಿ ಮೀನು ವಾಪಸ್ ಬಿಡುವವರಿಂದ ಬಂದ ದುಡ್ಡಿನಲ್ಲಿ ಕಾವೇರಿಯ ಒಂದು ಭಾಗಕ್ಕೆ ಕಾವಲು ಇತ್ತು. ಕಾವೇರಿ ಅಭಯಾರಣ್ಯದಲ್ಲಿ ಗಾಳ ಹಾಕುವುದನ್ನು ನಿಷೇಧಿಸಿದ ಮೇಲೆ ಆ ದುಡ್ಡೂ ನಿಂತಿತು. ನಿಷೇಧದಿಂದ ಮೀನಿಗೆ ಒಳ್ಳೆಯದಾಯಿತು ಅನ್ನುವವರ ಜೊತೆ ನಾನು ಒಪ್ಪುವುದಿಲ್ಲ. ಪರವಾನಗಿ, ಅಳತೆ, ಕಟ್ಟುನಿಟ್ಟಿನ ವಾಪಸಾತಿ ಇಟ್ಟು ಗಾಳಕ್ಕೆ ಮತ್ತೆ ಜಾಗ ಮಾಡಿಕೊಟ್ಟರೆ ಹೊಳೆ ಕಾಯಲು ನಾಲ್ಕು ಜನರ ಸಂಬಳವಾದರೂ ಹುಟ್ಟುತ್ತದೆ.

ನಾನು ಕೊಳ್ಳುವುದು ಕಪ್ಪು ನಿಕಲ್, 3/0 ಅಳತೆ. ಕಟ್ಟುವ ಮೊದಲು ಮೊನೆಯನ್ನು ಹೆಬ್ಬೆರಳಿನ ಉಗುರಿನ ಮೇಲೆ ಮೆಲ್ಲಗೆ ಎಳೆದು ನೋಡುತ್ತೇನೆ. ಕಚ್ಚಿ ನಿಂತರೆ ಸರಿ, ಜಾರಿದರೆ ಬೇರೆ ಗಾಳ. ದೋಣಿಯಲ್ಲಿ ಪಕ್ಕದವರು ಕೆಂಪು ಕೊಟ್ಟರೆ ಅದನ್ನೂ ಹೀಗೇ ಎಳೆದು ನೋಡಿ ಕಟ್ಟುತ್ತೇನೆ.