ಸತ್ತ ರಾಜನಿಗೆ ಟಿವಿಯಲ್ಲಿ ವಿಚಾರಣೆ: ಬೇಕಿತ್ತಾ?

1483ರ ಬೇಸಿಗೆಯಲ್ಲಿ ಇಂಗ್ಲೆಂಡಿನ 12 ವರ್ಷದ ರಾಜ ಐದನೇ ಎಡ್ವರ್ಡ್ ಮತ್ತು ಅವನ ತಮ್ಮ ಲಂಡನ್ ಟವರ್ ಕೋಟೆಯಲ್ಲಿದ್ದರು. ಆಮೇಲೆ ಅವರು ಯಾರ ಕಣ್ಣಿಗೂ ಬೀಳಲಿಲ್ಲ. ಪಟ್ಟಕ್ಕೆ ಬಂದವನು ಅವರ ಚಿಕ್ಕಪ್ಪ, ಮೂರನೇ ರಿಚರ್ಡ್. ಮಕ್ಕಳನ್ನು ಕೊಲ್ಲಿಸಿದ್ದು ಅವನೇನಾ? 1984ರಲ್ಲಿ ಬ್ರಿಟನ್ನಿನ ಟಿವಿಯಲ್ಲಿ ಇದೇ ಆರೋಪದ ಮೇಲೆ ಅಣಕು ವಿಚಾರಣೆ ನಡೆಯಿತು. ವಕೀಲರು ವಾದಿಸಿದರು, ಇತಿಹಾಸ ಬಲ್ಲವರು ಸಾಕ್ಷಿ ಹೇಳಿದರು. ಜ್ಯೂರಿ ‘ಅಪರಾಧಿ ಅಲ್ಲ’ ಅಂದಿತು.

ಪರ

ಬೇಕಿತ್ತು. ಕೋರ್ಟಿನಲ್ಲಿ ಮೊದಲು ಕೇಳೋದೇ ‘ನೀವು ಕಣ್ಣಾರೆ ನೋಡಿದ್ರಾ?’ ಅಂತ. ಪುಸ್ತಕ ಓದುವಾಗ ನಾವು ಅದನ್ನು ಕೇಳೋದೇ ಇಲ್ಲ, ಅಲ್ವಾ?

ರಿಚರ್ಡ್‌ನ ಕಥೆ ಬರೆದ ಇಂಗ್ಲಿಷ್ ಲೇಖಕ ಥಾಮಸ್ ಮೋರ್ ಬರೆದಿದ್ದನ್ನೇ ನೋಡಿ. ಮಲಗಿದ್ದ ಮಕ್ಕಳ ಬಾಯಿಗೆ ದಿಂಬು ಒತ್ತಿದ್ದು, ಮೆಟ್ಟಿಲ ಬುಡದಲ್ಲಿ ಹೂತಿದ್ದು, ಎಲ್ಲವನ್ನೂ ಪಕ್ಕದಲ್ಲೇ ನಿಂತಿದ್ದವರ ಹಾಗೆ ಹೇಳುತ್ತಾರೆ. 1483ರಲ್ಲಿ ಮೋರ್‌ಗೆ ಸುಮಾರು 5 ವರ್ಷ! ಅವರು ಬರೆದ ಕಾಲಕ್ಕೆ ಸಿಂಹಾಸನದಲ್ಲಿ ಇದ್ದದ್ದು ಟ್ಯೂಡರ್ ಮನೆತನ. 1485ರಲ್ಲಿ ಬಾಸ್‌ವರ್ತ್ ಕಾಳಗದಲ್ಲಿ ರಿಚರ್ಡ್‌ನನ್ನು ಸೋಲಿಸಿ ಬಂದವರು ಅವರೇ.

ಮೂಳೆಗಳ ಕಥೆಯೂ ಹಾಗೆಯೇ. 1674ರಲ್ಲಿ ಟವರ್‌ನ ಒಂದು ಮೆಟ್ಟಿಲ ಕೆಳಗೆ ಮಕ್ಕಳ ಮೂಳೆ ಸಿಕ್ಕವು. ಲಂಡನ್ನಿನ ದೊಡ್ಡ ಚರ್ಚ್ ವೆಸ್ಟ್‌ಮಿನ್‌ಸ್ಟರ್ ಅಬೆಯಲ್ಲಿ ರಾಜಕುಮಾರರವು ಅಂತಲೇ ಇಟ್ಟರು. 1933ರಲ್ಲಿ ತೆಗೆದು ಪರೀಕ್ಷಿಸಿದರೂ ಅವು ಗಂಡುಮಕ್ಕಳವೋ ಹೆಣ್ಣುಮಕ್ಕಳವೋ ಅನ್ನೋದೇ ಗಟ್ಟಿಯಾಗಲಿಲ್ಲ. ಒಬ್ಬ ಮನುಷ್ಯನನ್ನು ಕೊಲೆಗಾರ ಅನ್ನೋದಕ್ಕೆ ಇಷ್ಟು ಸಾಕಾ? ಈ ಪ್ರಶ್ನೆ ಪಂಡಿತರ ಕೋಣೆಯಿಂದ ಜನರ ಮನೆಯೊಳಗೆ ಬಂತಲ್ಲ, ಅದು ದೊಡ್ಡ ಕೆಲಸ.

ವಿರೋಧ

ನನಗೆ ಚಿಂತೆ ಆ ಇಬ್ಬರು ಹುಡುಗರದ್ದು. ಕೋರ್ಟು ಕೇಳೋದು ‘ಸಂಶಯವಿಲ್ಲದೆ ಸಾಬೀತಾಯಿತಾ?’ ಅಂತ. ಇತಿಹಾಸ ಕೇಳೋದು ‘ಏನಾಗಿರೋ ಸಾಧ್ಯತೆ ಜಾಸ್ತಿ?’ ಅಂತ. ಎರಡೂ ಬೇರೆ. 500 ವರ್ಷ ಹಳೆಯ ಯಾವ ಕೊಲೆಯೂ ಕೋರ್ಟಿನ ಅಳತೆಗೆ ನಿಲ್ಲೋದು ಕಷ್ಟ. ಆದರೆ ‘ಅಪರಾಧಿ ಅಲ್ಲ’ ಅಂದದ್ದು ನೋಡೋರ ಕಿವಿಗೆ ‘ಅವನು ಮಾಡಿಲ್ಲ’ ಅಂತಲೇ ಕೇಳಿಸುತ್ತದೆ.

ಮೋರ್ ಮಾತು ಪಕ್ಕಕ್ಕಿಡೋಣ. ಇಟಲಿಯ ಡೊಮಿನಿಕೊ ಮಂಚಿನಿ ಆ ಬೇಸಿಗೆಯಲ್ಲಿ ಲಂಡನ್ನಿನಲ್ಲೇ ಇದ್ದ, ಅದೇ ವರ್ಷ ಬರೆದಿಟ್ಟ. ಆಗಿನ್ನೂ ಟ್ಯೂಡರ್‌ಗಳು ಬಂದಿರಲಿಲ್ಲ. ಮಕ್ಕಳು ಕೋಟೆಯ ಕಿಟಕಿಗಳ ಹಿಂದೆ ದಿನದಿನಕ್ಕೂ ಅಪರೂಪವಾದರು, ಕೊನೆಗೆ ಕಾಣಲೇ ಇಲ್ಲ ಅನ್ನುತ್ತಾನೆ. ಎಡ್ವರ್ಡ್‌ನ ಹೆಸರೆತ್ತಿದರೆ ಗಂಡಸರು ಅಳುತ್ತಿದ್ದರಂತೆ. ಅಂಥ ಗುಸುಗುಸು ನಿಲ್ಲಿಸೋಕೆ ಮಕ್ಕಳನ್ನು ಒಮ್ಮೆ ಜನರ ಮುಂದೆ ತಂದಿದ್ದರೆ ಸಾಕಿತ್ತು.

1483ರ ಜೂನ್‌ನಲ್ಲಿ, ಆ ಮಕ್ಕಳ ತಂದೆಯ ಆಪ್ತನಾಗಿದ್ದ ಲಾರ್ಡ್ ಹೇಸ್ಟಿಂಗ್ಸ್‌ನ ತಲೆಯನ್ನು ವಿಚಾರಣೆಯೇ ಇಲ್ಲದೆ ತೆಗೆಸಿದವನು ಈ ರಿಚರ್ಡ್. ಅವನಿಗೆ ವಕೀಲರು ಸಿಕ್ಕರು, ಸಂಶಯದ ಲಾಭವೂ ಸಿಕ್ಕಿತು. ‘ಮಕ್ಕಳನ್ನು ಯಾಕೆ ತೋರಿಸಲಿಲ್ಲ?’ ಅಂತ ಕೇಳೋಣ ಅಂದರೆ, ಉತ್ತರ ಕೊಡಬೇಕಾದವನೇ ಕಟಕಟೆಯಲ್ಲಿ ಇರಲಿಲ್ಲ.